ಆಕ್ಸಲ್ ಬೀಮ್ ಸೀಳಿದೆ, ಕಂಪನಿ ವಾರಂಟಿ ಕೊಡಲ್ಲ ಅನ್ನುತ್ತಿದೆ: ಏನು ಮಾಡಲಿ?

ಪ್ರಶ್ನೆ: ನಮ್ಮದು ಸಕಲೇಶಪುರ. 14 ಲಕ್ಷ ರೂಪಾಯಿ ಕೊಟ್ಟು ತಗೊಂಡ ಕಾರಿಗೆ ಈಗ ಎರಡೂವರೆ ವರ್ಷ. 38 ಸಾವಿರ ಕಿ.ಮೀ. ಓಡಿದೆ. ಮೂರು ವರ್ಷದ ವಾರಂಟಿ ಇದೆ. ಹಿಂದಿನಿಂದ ಕಟಕಟ ಸದ್ದು ಬರುತ್ತಿತ್ತು. ಸರ್ವಿಸ್ ಸೆಂಟರ್‌ನಲ್ಲಿ ಎತ್ತಿ ನೋಡಿದರೆ ಹಿಂದಿನ ಆಕ್ಸಲ್ ಬೀಮ್ (ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಉಕ್ಕಿನ ತೊಲೆ) ವೆಲ್ಡಿಂಗ್ ಪಕ್ಕದಲ್ಲೇ ಸೀಳಿದೆ. 'ಗುಂಡಿಯಲ್ಲಿ ಹೊಡೆತ ಬಿದ್ದಿದೆ, ವಾರಂಟಿ ಬರಲ್ಲ, ಇನ್ಶೂರೆನ್ಸ್‌ನಲ್ಲಿ ಮಾಡಿಸಿಕೊಳ್ಳಿ' ಎಂದು ಬಾಯಿಮಾತಲ್ಲಿ ಹೇಳಿದರು. ಕಾರು ಎಲ್ಲೂ ಗುದ್ದಿಲ್ಲ. ಹೊಸ ಕಾರನ್ನೇ ಕೇಳಬಹುದಾ?

ಉತ್ತರ: ಮೊದಲು ಆ ಸೀಳಿದ ಬೀಮ್ ಕೈತಪ್ಪದಂತೆ ನೋಡಿಕೊಳ್ಳಿ. ಇಂಥ ಜಗಳದಲ್ಲಿ ನಿಮ್ಮ ಪರ ಮಾತಾಡುವ ಸಾಕ್ಷಿ ಅದೊಂದೇ. ಬಿಚ್ಚಿದ ಭಾಗವನ್ನು ವರ್ಕ್‌ಶಾಪ್‌ನವರು ಗುಜರಿಗೆ ಹಾಕಿದರೆ ಆಮೇಲೆ ಯಾರೂ ಏನೂ ಸಾಬೀತು ಮಾಡಲಾಗದು. 'ಈ ಭಾಗವನ್ನು ಕತ್ತರಿಸಬೇಡಿ, ವೆಲ್ಡ್ ಮಾಡಬೇಡಿ, ತೊಳೆಯಬೇಡಿ, ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸಬೇಡಿ' ಎಂದು ಇವತ್ತೇ ಇಮೇಲ್ ಹಾಕಿ. ಡೀಲರ್‌ಗೂ ಕಳಿಸಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿ.

ತೊಳೆಯಬೇಡಿ ಅಂದದ್ದಕ್ಕೆ ಕಾರಣವಿದೆ. ಲೋಹ ಹೇಗೆ ಮುರಿಯಿತು ಅನ್ನುವುದು ಮುರಿದ ಮುಖದ ಮೇಲೇ ಬರೆದಿರುತ್ತದೆ. ಒಂದೇ ದೊಡ್ಡ ಹೊಡೆತಕ್ಕೆ ಮುರಿದರೆ ಸಾಮಾನ್ಯವಾಗಿ ಉಕ್ಕು ಮೊದಲು ಬಾಗುತ್ತದೆ, ಆಮೇಲೆ ಹರಿಯುತ್ತದೆ. ಮುಖ ಒರಟಾಗಿರುತ್ತದೆ, ಎಲ್ಲ ಕಡೆ ಒಂದೇ ಬಣ್ಣ. ಬೀಮ್ ಮುರಿಯುವಷ್ಟು ಜೋರಾದ ಪೆಟ್ಟು ಬಿದ್ದಿದ್ದರೆ ಅದರ ಗುರುತು ಸುತ್ತಮುತ್ತಲೂ ಇರಬೇಕು. ರಿಮ್ ಡೊಂಕಾಗಿರಬೇಕು, ಟೈರಿನ ಪಕ್ಕ ಉಬ್ಬಿರಬೇಕು, ಬೀಮ್ ಮೇಲೆ ತಗ್ಗೋ ಉಜ್ಜಿದ ಗೀರೋ ಕಾಣಬೇಕು. ಇವು ಯಾವುವೂ ಇಲ್ಲ ಅಂದರೆ ಹೊಡೆತದ ಕಥೆ ದುರ್ಬಲವಾಗುತ್ತದೆ. ಈಗಲೇ ಇವೆಲ್ಲದರ ಫೋಟೊ ತೆಗೆದಿಡಿ.

ಫೆಟೀಗ್, ಅಂದರೆ ಲೋಹದ ದಣಿವಿನಿಂದ ಬಂದ ಬಿರುಕು ಬೇರೆ ಥರ. ಅದು ಸಣ್ಣ ಜಾಗದಲ್ಲಿ, ಹೆಚ್ಚಾಗಿ ವೆಲ್ಡಿಂಗ್‌ನ ಅಂಚಿನಲ್ಲಿ ಶುರುವಾಗಿ ನಿಧಾನಕ್ಕೆ ಹಬ್ಬುತ್ತದೆ. ಎಷ್ಟೋ ಸಲ ಮುರಿದ ಮುಖದ ಮೇಲೆ ಅಲೆ ಹಿಂದೆ ಸರಿದಾಗ ಮರಳಲ್ಲಿ ಉಳಿಯುವಂಥ ಬಾಗಿದ ಗೆರೆಗಳು ಕಾಣುತ್ತವೆ. ಮೊದಲು ಬಿರಿದ ಭಾಗಕ್ಕೆ ತುಕ್ಕು ಹಿಡಿದಿರುತ್ತದೆ, ಕೊನೆಗೆ ಹರಿದ ಭಾಗ ಹೊಳೆಯುತ್ತಿರುತ್ತದೆ. ನಿಮ್ಮ ಬೀಮ್‌ನಲ್ಲಿ ಇವು ಕಂಡರೆ, ಬಿರುಕು ಬಹಳ ದಿನದಿಂದ ಬೆಳೆಯುತ್ತಿತ್ತು ಎಂದು ಧೈರ್ಯವಾಗಿ ವಾದಿಸಬಹುದು. ಹಾಗಂತ ಇದರಿಂದಲೇ ತಯಾರಿಕೆಯ ದೋಷ ಸಾಬೀತಾಗದು. ವೆಲ್ಡಿಂಗ್ ಸರಿಯಾಗಿ ಕೂತಿತ್ತಾ, ಉಕ್ಕು ಹೇಳಿದ ದರ್ಜೆಯದ್ದೇನಾ, ದಪ್ಪ ಸರಿ ಇತ್ತಾ ಎಂದು ಲೋಹ ಪರೀಕ್ಷಿಸುವ ಲ್ಯಾಬ್ ಹೇಳಬೇಕು. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ವರದಿಗೆ ತೂಕ ಜಾಸ್ತಿ. ಆದರೆ ನೀವಾಗಿಯೇ ಭಾಗವನ್ನು ಕತ್ತರಿಸಿ ಪರೀಕ್ಷೆಗೆ ಕೊಡಬೇಡಿ. ಕಂಪನಿಗೆ ಮೊದಲೇ ತಿಳಿಸಿ, ಅವರ ಎಂಜಿನಿಯರ್ ಬೇಕಾದರೆ ಎದುರಲ್ಲಿ ಇರಲಿ.

ಎರಡನೆಯದು, ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ. ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಪಟ್ಟು ಹಿಡಿಯಿರಿ. ವಾರಂಟಿ ಪುಸ್ತಕದ ಯಾವ ಷರತ್ತು? ಯಾರು ಪರೀಕ್ಷೆ ಮಾಡಿದರು? ಯಾವ ಗುರುತು ನೋಡಿ ಹೊಡೆತ ಅಂದರು? ಎಷ್ಟೋ ಪ್ರಕರಣಗಳು ಈ ಮೂರು ಪ್ರಶ್ನೆಗೇ ಮೆತ್ತಗಾಗುತ್ತವೆ. ಬರೆದುಕೊಟ್ಟ ಕಾರಣಕ್ಕೆ ಆಮೇಲೆ ಅವರೇ ಬದ್ಧರಾಗಿರಬೇಕಲ್ವಾ? ಸದ್ದಿನ ಬಗ್ಗೆ ಹಿಂದಿನ ಸರ್ವಿಸ್‌ನಲ್ಲಿ ದೂರು ಕೊಟ್ಟಿದ್ದರೆ ಆ ಜಾಬ್ ಕಾರ್ಡನ್ನೂ ಹುಡುಕಿಡಿ.

ಇನ್ಶೂರೆನ್ಸ್ ಸಲಹೆಯ ಬಗ್ಗೆ ತುಂಬ ಎಚ್ಚರ ಇರಲಿ. ವಾಹನ ವಿಮೆ ಅಪಘಾತಕ್ಕೆ. ಸವಕಳಿಗೂ ಯಾಂತ್ರಿಕ ವೈಫಲ್ಯಕ್ಕೂ ಅದು ಹಣ ಕೊಡದು. ಕ್ಲೇಮ್ ಸಿಗಬೇಕಾದರೆ ಇಂಥ ದಿನ, ಇಂಥ ಕಡೆ ಗುಂಡಿಗೆ ಬಿತ್ತು ಎಂದು ನೀವು ಸಹಿ ಹಾಕಬೇಕು. ಆಗದ ಅಪಘಾತವನ್ನು ಆಯಿತು ಎಂದು ಬರೆದರೆ ಅದು ಸುಳ್ಳು ಹೇಳಿಕೆ. ಜತೆಗೆ, ಕಂಪನಿಯ ವಾದವನ್ನು ನೀವೇ ಒಪ್ಪಿಕೊಂಡಂತೆ. ಆ ಕ್ಲೇಮ್ ಫಾರ್ಮನ್ನೇ ನಾಳೆ ನಿಮ್ಮ ವಿರುದ್ಧ ತೋರಿಸುತ್ತಾರೆ. ಡೀಲರ್ ಇದನ್ನು ಸುಲಭದ ದಾರಿ ಎಂದು ಹೇಳಿದರೂ ನಿಮಗೆ ಅದು ಒಳ್ಳೆಯದಲ್ಲ.

ಕಂಪನಿ ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅಲ್ಲಿ ತೀರ್ಪು ಸಿಗದು, ಆದರೆ ವಿಷಯ ಕಂಪನಿಯ ಮೇಲಿನವರಿಗೆ ತಲುಪುತ್ತದೆ. ಅದೂ ಆಗದಿದ್ದರೆ ನೋಟಿಸ್ ಕೊಟ್ಟು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. 10ರಿಂದ 20 ಲಕ್ಷದ ವಸ್ತುವಿಗೆ ಶುಲ್ಕ 400 ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ದೂರು ಕೊಡಬೇಕು. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಲ್ಯಾಬ್ ಪರೀಕ್ಷೆ ಇಲ್ಲದೆ ದೋಷ ಗೊತ್ತಾಗದಿದ್ದರೆ ಆಯೋಗವೇ ಭಾಗವನ್ನು ಸೀಲ್ ಮಾಡಿ ಪರೀಕ್ಷೆಗೆ ಕಳಿಸಬಹುದು. ಅದನ್ನು ಅರ್ಜಿ ಹಾಕಿ ಕೇಳಿ. ಸಾಬೀತು ಮಾಡುವ ಭಾರ ಹೆಚ್ಚಾಗಿ ದೂರುದಾರರ ಮೇಲೇ ಬೀಳುತ್ತದೆ. ಸಿಟ್ಟಿನ ಪುಟಗಟ್ಟಲೆ ಬರಹ ಇದ್ದು, ತಜ್ಞರ ವರದಿ ಇಲ್ಲದೆ ಸೋತ ದೂರುಗಳು ಬಹಳ.

ಒಂದು ಗೊಂದಲ ತಪ್ಪಿಸಿ. ಅದೇ ಕಾಯ್ದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಅನ್ನುವ ಅಧ್ಯಾಯವಿದೆ. ಕೆಲವರು ಅದರಡಿ ರಿಪೇರಿ ಖರ್ಚು ಕೇಳುತ್ತಾರೆ. ಆ ಅಧ್ಯಾಯ ದೋಷದಿಂದ ಜನರಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿಗೆ. ಕಾರಿಗೇ ಆದ ಹಾನಿ ಅದರಲ್ಲಿ ಬರದು. ನಿಮ್ಮದು ದೋಷವಿರುವ ಸರಕು ಮತ್ತು ಸೇವಾ ಲೋಪದ ದೂರು. ಹಾಗೆಯೇ ಬರೆಯಿರಿ.

ಇದೇ ಮಾದರಿಯ ಬೇರೆ ಕಾರುಗಳಲ್ಲೂ ಬೀಮ್ ಸೀಳಿದೆಯಾ ಎಂದು ವಿಚಾರಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮಿನಡಿ, ಜನರಿಗೆ ಅಪಾಯ ತರುವ ದೋಷವಿದ್ದರೆ ವಾಹನಗಳನ್ನು ವಾಪಸ್ ಕರೆಸಲು ಸರ್ಕಾರ ಆದೇಶಿಸಬಹುದು. ಬೇರೆಯವರ ದೂರುಗಳು ನಿಮ್ಮ ಕೇಸಿಗೂ ಬಲ. ಅಮೆರಿಕದಲ್ಲಿ ಟೊಯೋಟಾ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕು ಹಿಡಿದು ತೂತಾಗುತ್ತಿತ್ತು. 1995ರಿಂದ 2000ರ ಮಾದರಿಗಳ ಚಾಸಿಗೆ ಕಂಪನಿ 2008ರಲ್ಲಿ 15 ವರ್ಷದ ರಕ್ಷಣೆ ಘೋಷಿಸಿತು. ಅಷ್ಟು ಹೊತ್ತಿಗೆ ಮೂಲ ವಾರಂಟಿ ಯಾವಾಗಲೋ ಮುಗಿದಿತ್ತು.

ಇನ್ನು ಹೊಸ ಕಾರಿನ ಮಾತು. ಅದನ್ನು ಕೇಳದಿರುವುದೇ ಒಳ್ಳೆಯದು. ಮಾರುತಿ ಉದ್ಯೋಗ್ ಕಂಪನಿಯ 2006ರ ಪ್ರಕರಣದಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗ ಬದಲಿಸುವುದಕ್ಕೆ, ಇಡೀ ವಾಹನಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಹೊಸ ಬೀಮ್, ಕೂಲಿ, ಅಲೈನ್‌ಮೆಂಟ್, ಲ್ಯಾಬ್ ಶುಲ್ಕ, ಕಾರು ನಿಂತ ದಿನಗಳ ಬಾಡಿಗೆ ವಾಹನದ ಬಿಲ್, ಒಂದಿಷ್ಟು ಪರಿಹಾರ, ಇಷ್ಟನ್ನು ಲೆಕ್ಕ ಸಮೇತ ಕೇಳಿ. ಓಡಾಟಕ್ಕೆ ಈಗಲೇ ಈ ಕಾರು ಬೇಕೇ ಬೇಕು ಅಂದರೆ 'ನನ್ನ ಹಕ್ಕು ಬಿಟ್ಟುಕೊಡದೆ, ಆಕ್ಷೇಪಣೆಯೊಂದಿಗೆ ಹಣ ಕಟ್ಟುತ್ತಿದ್ದೇನೆ' ಎಂದು ಬರೆದುಕೊಟ್ಟು ರಿಪೇರಿ ಮಾಡಿಸಿ. ಹಳೆಯ ಬೀಮ್ ಮನೆಗೆ ತನ್ನಿ. ಸೀಳಿದ ಬೀಮ್‌ಗೆ ವೆಲ್ಡ್ ಹಾಕಿಸಿ ಶಿರಾಡಿ ಘಾಟ್ ಇಳಿಯುವ ಯೋಚನೆ ಮಾತ್ರ ದಯವಿಟ್ಟು ಬೇಡ.