169 ಗೆಲುವು, 136 ಸೋಲು ಇರುವ ಬೇಸ್‌ಬಾಲ್ ಪಿಚರ್‌ನನ್ನು ಸಿಯಾಟಲ್‌ನವರು 'ಕಿಂಗ್' ಅನ್ನೋದು ಯಾಕೆ? ಪಿಚರ್‌ನ ಅಂಕಿಅಂಶ ಓದೋದು ಹೇಗೆ?

'ಫೆಲಿಕ್ಸ್ ಹೆರ್ನಾಂಡೆಸ್‌ಗೆ ಬರೀ 169 ಗೆಲುವು, ಇಆರ್‌ಎ 3.42; ಇದು ಜಾಸ್ತಿನಾ ಕಡಿಮೆನಾ, ಹಾಲ್ ಆಫ್ ಫೇಮ್‌ಗೆ ಹೋಗ್ತಾನಾ' ಅಂತ ಕೇಳಿದ್ದೀರಲ್ಲ, ಆ 'ಬರೀ' ಓದಿ ನಗು ಬಂತು. (ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಇಆರ್‌ಎ ಅಂದರೆ ಅವನು ಕೊಟ್ಟ ರನ್‌ಗಳ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೇದು, ಮುಂದೆ ಬಿಡಿಸಿ ಹೇಳ್ತೀನಿ. ಹಾಲ್ ಆಫ್ ಫೇಮ್ ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ.) 2010ರಲ್ಲಿ ನಾನೂ ಇದೇ ಊರಿನಲ್ಲಿ, ಇದೇ ಫೆಲಿಕ್ಸ್ ಹೆರ್ನಾಂಡೆಸ್ ಬಗ್ಗೆ, ಇದೇ ಪದ ಹೇಳಿದ್ದೆ. ನಿಮ್ಮ ಹಾಗೆ ಆಗ ತಾನೇ ಹಾಸನದ ಕಡೆಯಿಂದ ಬೆಂಗಳೂರು, ಬೆಂಗಳೂರಿಂದ ಸಿಯಾಟಲ್ ಅಂತ ಬಂದು ಇಳಿದಿದ್ದೆ. ಕ್ರಿಕೆಟ್ ಸ್ಕೋರ್‌ಕಾರ್ಡ್ ಬಾಯಿಪಾಠ ಇದ್ದವನು. ಬೇಸ್‌ಬಾಲ್ ಅಂಕಿ ಏನು ಮಹಾ ಅಂತ ಒಂದು ಜಂಬ ಇತ್ತು.

ಆ ವರ್ಷ ನವೆಂಬರ್‌ನಲ್ಲಿ ನಮ್ಮ ಸಿಯಾಟಲ್ ಮ್ಯಾರಿನರ್ಸ್ ತಂಡದ ಫೆಲಿಕ್ಸ್‌ಗೆ ಸೈ ಯಂಗ್ ಪ್ರಶಸ್ತಿ ಬಂತು. ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡೋದು. ಅವನ ಲೆಕ್ಕ 13–12. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್‌ನ ಸಿಸಿ ಸಬಾತಿಯಾ 21–7. ಊಟದ ಟೇಬಲ್‌ನಲ್ಲಿ ನಾನು ದೊಡ್ಡದಾಗಿ ಹೇಳಿದೆ, 'ಹದಿಮೂರು ಗೆದ್ದು ಹನ್ನೆರಡು ಸೋತವನಿಗೆ ಪ್ರಶಸ್ತಿನಾ? ನಮ್ಮ ಊರವನು ಅಂತ ಕೊಟ್ಟುಬಿಟ್ಟರಾ?' 28 ಮೊದಲ ಸ್ಥಾನದ ಮತಗಳಲ್ಲಿ 21 ಅವನಿಗೇ ಬಿದ್ದಿದ್ದವು. ಊರ ಅಭಿಮಾನದಿಂದ ಅಷ್ಟು ಬೀಳಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮ ಟೀಮಿನ ಹಿರಿಯರೊಬ್ಬರು, ಸಿಯಾಟಲ್‌ನಲ್ಲೇ ಹುಟ್ಟಿ ಬೆಳೆದವರು, ಸ್ಯಾಂಡ್‌ವಿಚ್ ಕೆಳಗಿಟ್ಟು ಒಂದೇ ಮಾತು ಕೇಳಿದರು: 'ಈ ವರ್ಷ ಮ್ಯಾರಿನರ್ಸ್ ಎಷ್ಟು ರನ್ ಹೊಡೀತು ಗೊತ್ತಾ?' ಗೊತ್ತಿರಲಿಲ್ಲ. ಹೋಗಿ ನೋಡೋ ತಾಳ್ಮೆಯೂ ಇರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಪರವಾಗಿರಲಿಲ್ಲ. ನಿಜವಾದ ತಪ್ಪು ಮಾಡಿದ್ದು ಎರಡು ವರ್ಷ ಬಿಟ್ಟು.

2012ರ ಆಗಸ್ಟ್. ಅದೇ ಹಿರಿಯರು ನನ್ನ ಡೆಸ್ಕ್ ಹತ್ತಿರ ಬಂದು, 'ಬುಧವಾರ ಮಧ್ಯಾಹ್ನ ಮ್ಯಾಚ್ ಇದೆ, ಫೆಲಿಕ್ಸ್ ಎಸೀತಾನೆ, ನನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ, ಬರ್ತೀಯಾ?' ಅಂದರು. ದುಡ್ಡೂ ಬೇಡ ಅಂದರು. ಬಿಟ್ಟಿ ಟಿಕೆಟ್. ಅರ್ಧ ದಿನ ರಜೆ ಹಾಕಿದ್ದರೆ ಸಾಕಿತ್ತು.

ನಾನೇನು ಮಾಡಿದೆ? ಎಕ್ಸೆಲ್ ತೆಗೆದೆ. ನಗಬೇಡಿ. ಹಿಂದಿನ ಎರಡು ವರ್ಷದ ಲೆಕ್ಕ ಹಾಕಿದೆ. 2010ರಲ್ಲಿ 13–12, 2011ರಲ್ಲಿ 14–14. ಕೂಡಿದರೆ 27 ಗೆಲುವು, 26 ಸೋಲು. ನಾಣ್ಯ ಚಿಮ್ಮಿದ ಹಾಗೇ ಇದೆಯಲ್ಲ ಅಂದುಕೊಂಡೆ. ಈ ವರ್ಷ 10–5 ಇದ್ದಾನಲ್ಲ ಅಂದರೆ, ಅದು ಅದೃಷ್ಟ, ಮತ್ತೆ ಸರಾಸರಿಗೆ ಇಳಿದೇ ಇಳೀತಾನೆ ಅಂತ ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಗೆಲ್ಲೋ ಗ್ಯಾರಂಟಿ ಇಲ್ಲದ ಮ್ಯಾಚಿಗೆ ಅರ್ಧ ದಿನ ರಜೆ ಯಾಕೆ ಸುಡೋದು? ದೀಪಾವಳಿಗೆ ಇಟ್ಟುಕೊಂಡರಾಯ್ತು. 'ಕೆಲಸ ಇದೆ ಸರ್' ಅಂದೆ. ಅವರು ಅಕೌಂಟ್ಸ್‌ನವರೊಬ್ಬರನ್ನು ಕರೆದುಕೊಂಡು ಹೋದರು. ಆ ಅಕೌಂಟ್ಸ್‌ನವರಿಗೆ ಬೇಸ್‌ಬಾಲ್ ಅಂದರೆ ಅಷ್ಟಕ್ಕಷ್ಟೇ, ಬಿಸಿಲು ಕಾಯೋಕೆ ಹೋದವರು.

2012 ಆಗಸ್ಟ್ 15. ಸೇಫ್‌ಕೋ ಫೀಲ್ಡ್, ಈಗಿನ ಟಿ-ಮೊಬೈಲ್ ಪಾರ್ಕ್. ಎದುರಾಳಿ ಟ್ಯಾಂಪಾ ಬೇ ರೇಸ್. ಬೇಸ್‌ಬಾಲ್‌ನಲ್ಲಿ ಒಂದು ಮ್ಯಾಚಿಗೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲೂ ಒಂದು ತಂಡಕ್ಕೆ ಮೂರು ಔಟ್. ಫೆಲಿಕ್ಸ್ 27 ಬ್ಯಾಟರ್‌ಗಳನ್ನು ಎದುರಿಸಿದ, 27 ಜನರನ್ನೂ ಔಟ್ ಮಾಡಿ ಕಳಿಸಿದ. ಒಬ್ಬನೂ ಮೊದಲನೇ ಬೇಸ್ ಮುಟ್ಟಲಿಲ್ಲ. ಹಿಟ್ ಇಲ್ಲ, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಸಿಗೋ ಬೇಸ್) ಇಲ್ಲ, ಎರರ್ (ಫೀಲ್ಡರ್ ತಪ್ಪು) ಇಲ್ಲ. 12 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್. ಪರ್ಫೆಕ್ಟ್ ಗೇಮ್. ಮೇಜರ್ ಲೀಗ್‌ನ ಇಡೀ ಚರಿತ್ರೆಯಲ್ಲಿ 23ನೆಯದು, ಮ್ಯಾರಿನರ್ಸ್ ತಂಡಕ್ಕೆ ಇಂದಿಗೂ ಅದೊಂದೇ. ಅದಾದ ಮೇಲೆ ಮುಂದಿನದು ಯಾರಿಗಾದರೂ ಸಿಕ್ಕಿದ್ದು 2023ರಲ್ಲಿ. ಮೂರು ಗಂಟೆ ಹೊತ್ತಿಗೆ ಆಫೀಸಿನಲ್ಲಿ ಒಂದು ಮಾನಿಟರ್ ಸುತ್ತ ಜನ ಗುಂಪುಗೂಡಿದ್ದರು. ನಾನು ಹಿಂದೆ ನಿಂತು ಕತ್ತು ಉದ್ದ ಮಾಡಿ ನೋಡಿದೆ. ಕೊನೆಯ ಬ್ಯಾಟರ್ ಶಾನ್ ರಾಡ್ರಿಗೆಜ್ ಬ್ಯಾಟ್ ಬೀಸದೆ ನಿಂತೇ ಔಟಾದ. ಸ್ಟೇಡಿಯಂ ನನ್ನ ಆಫೀಸಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ!

ಈಗ ಆ ಎಕ್ಸೆಲ್‌ನಲ್ಲಿ ತಪ್ಪಿದ್ದು ಎಲ್ಲಿ ಅಂತ ಹೇಳ್ತೀನಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ, ಮನೆಯವರು ಎದ್ದು ಹೋಗ್ತಾರೆ.

ಪಿಚರ್ ಹೆಸರಿಗೆ 'ಗೆಲುವು' ಬರೋದು ಯಾವಾಗ? ಮೊದಲಿಂದ ಎಸೆಯುವ ಪಿಚರ್ ಕನಿಷ್ಠ 5 ಇನ್ನಿಂಗ್ಸ್ ಎಸೆಯಬೇಕು. ಅವನು ಹೊರಗೆ ಬರುವಾಗ ಅವನ ತಂಡ ಮುಂದಿರಬೇಕು. ಆಮೇಲೆ ಬರುವವರು ಆ ಮುನ್ನಡೆಯನ್ನು ಒಮ್ಮೆಯೂ ಕಳೆಯಬಾರದು. ಈ ಮೂರರಲ್ಲಿ ಪಿಚರ್ ಕೈಯಲ್ಲಿ ಪೂರ್ತಿ ಇರೋದು ಮೊದಲನೆಯದು ಮಾತ್ರ. ಎರಡನೆಯದರಲ್ಲಿ ಅರ್ಧ ಅವನದು, ಅರ್ಧ ಅವನ ತಂಡದ ಬ್ಯಾಟರ್‌ಗಳದ್ದು. ಮೂರನೆಯದು ಬೇರೆಯವರ ಪಾಲು. ಮೇಜರ್ ಲೀಗ್‌ನಲ್ಲಿ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್; ಸಿಯಾಟಲ್ ಇರೋ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬ್ಯಾಟೇ ಹಿಡಿಯೋದಿಲ್ಲ, ಹಾಗಾಗಿ ತಾನೇ ನಾಲ್ಕು ರನ್ ಹೊಡೆದು ಗೆಲ್ಲಿಸ್ತೀನಿ ಅನ್ನೋ ಹಾಗೂ ಇಲ್ಲ. (2008ರಲ್ಲಿ ನ್ಯೂಯಾರ್ಕ್ ಮೆಟ್ಸ್ ಊರಿಗೆ ಹೋದಾಗ, ಅಲ್ಲಿನ ಲೀಗ್‌ನ ಆಗಿನ ನಿಯಮದಂತೆ ಫೆಲಿಕ್ಸ್ ಬ್ಯಾಟ್ ಹಿಡಿದು, ಜೊಹಾನ್ ಸಂಟಾನಾ ಎಸೆತಕ್ಕೆ ಗ್ರ್ಯಾಂಡ್ ಸ್ಲಾಮ್, ಅಂದರೆ ಒಂದೇ ಏಟಿಗೆ ನಾಲ್ಕು ರನ್, ಹೊಡೆದ ಅನ್ನೋದು ಬೇರೆ ಕಥೆ.)

2010ರಲ್ಲಿ ಮ್ಯಾರಿನರ್ಸ್ 162 ಮ್ಯಾಚಿಗೆ ಹೊಡೆದದ್ದು 513 ರನ್. ಮ್ಯಾಚಿಗೆ ಮೂರು ಚಿಲ್ಲರೆ. 2011ರಲ್ಲಿ 556. ಎರಡೂ ವರ್ಷ ಇಡೀ ಮೇಜರ್ ಲೀಗ್‌ನಲ್ಲೇ ಎಲ್ಲರಿಗಿಂತ ಕಡಿಮೆ. ಊಟದ ಟೇಬಲ್‌ನಲ್ಲಿ ಹಿರಿಯರು ಕೇಳಿದ್ದು ಇದನ್ನೇ. ಅದೇ 2010ರಲ್ಲಿ ಫೆಲಿಕ್ಸ್ 34 ಮ್ಯಾಚ್ ಶುರು ಮಾಡಿ 249 ಮತ್ತು ಮೂರನೇ ಎರಡು ಇನ್ನಿಂಗ್ಸ್ ಎಸೆದ, 232 ಸ್ಟ್ರೈಕ್‌ಔಟ್ ತೆಗೆದ, ಇಆರ್‌ಎ 2.27. ಸಬಾತಿಯಾದು 3.18. ಅಂದರೆ ನಾನು ಎಕ್ಸೆಲ್‌ನಲ್ಲಿ ಅಳೆದದ್ದು ಫೆಲಿಕ್ಸ್‌ನ ಕೈಯನ್ನಲ್ಲ, ಅವನ ಜೊತೆಗಾರರ ಬ್ಯಾಟನ್ನು. ಪರ್ಫೆಕ್ಟ್ ಗೇಮ್ ದಿನ ಕೂಡ ಸ್ಕೋರ್ ಎಷ್ಟು ಗೊತ್ತಾ? 1–0. ಮೂರನೇ ಇನ್ನಿಂಗ್ಸ್‌ನಲ್ಲಿ ಮ್ಯಾರಿನರ್ಸ್‌ನ ಹೇಸುಸ್ ಮೊಂಟೆರೊ ಒಂದು ಸಿಂಗಲ್ ಹೊಡೆದು ಆ ಒಂದು ರನ್ ತರದೇ ಹೋಗಿದ್ದರೆ, 27 ಜನರನ್ನು ಸಾಲಾಗಿ ಔಟ್ ಮಾಡಿದ ಮೇಲೂ ಅವನ ಹೆಸರಿಗೆ ಗೆಲುವು ಬರುತ್ತಿರಲಿಲ್ಲ.

ಕುಂಬ್ಳೆ ಹೆಸರಿನ ಮುಂದೆ 619 ವಿಕೆಟ್ ಅಂತ ಬರೀತೀವಿ. ಇಷ್ಟು ಟೆಸ್ಟ್ ಗೆದ್ದರು, ಇಷ್ಟು ಸೋತರು ಅಂತ ಅವರ ಬೌಲಿಂಗ್ ಲೆಕ್ಕದಲ್ಲಿ ಯಾರಾದರೂ ಬರೀತಾರಾ? ಕ್ರಿಕೆಟ್ ಗೊತ್ತಿದ್ದ ನಾನು ಮೊದಲ ದಿನವೇ ಇದನ್ನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಹಾಗಾಗಿ '169 ಗೆಲುವು ಜಾಸ್ತಿನಾ ಕಡಿಮೆನಾ' ಅನ್ನೋ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಪ್ರಶ್ನೆಯೇ ಸರಿಯಿಲ್ಲ. ಆ ಎರಡು ಕಾಲಂ ಮೇಲೆ ಬೆರಳಿಟ್ಟು ಮುಚ್ಚಿಕೊಂಡು ಉಳಿದದ್ದನ್ನು ಓದಿ. ನೋಲನ್ ರಯಾನ್ 1987ರಲ್ಲಿ 8–16. ಅದೇ ವರ್ಷ 2.76 ಇಆರ್‌ಎ ಜೊತೆ ನ್ಯಾಷನಲ್ ಲೀಗ್‌ಗೇ ಮೊದಲಿಗ, ಸ್ಟ್ರೈಕ್‌ಔಟ್‌ನಲ್ಲೂ ಮೊದಲಿಗ. ಜೇಕಬ್ ಡಿಗ್ರಾಮ್ 2018ರಲ್ಲಿ 10–9, ಇಆರ್‌ಎ 1.70. ಅವನಿಗೂ ಸೈ ಯಂಗ್ ಬಂತು. ಆ ಹೊತ್ತಿಗೆ ಊಟದ ಟೇಬಲ್‌ನಲ್ಲಿ ಯಾರೂ ಕೂಗಾಡಲಿಲ್ಲ. ನಾನಂತೂ ಬಾಯೇ ಬಿಡಲಿಲ್ಲ.

ಇಆರ್‌ಎ ಅಂದರೆ 9 ಇನ್ನಿಂಗ್ಸ್‌ಗೆ ಎಷ್ಟು ರನ್ ಕೊಟ್ಟ ಅನ್ನೋದು, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು. 2010ರಲ್ಲಿ ಫೆಲಿಕ್ಸ್ ಕೊಟ್ಟದ್ದು ಅಂಥ 63 ರನ್. 63ನ್ನು 9ರಿಂದ ಗುಣಿಸಿ ಇನ್ನಿಂಗ್ಸ್‌ನಿಂದ ಭಾಗಿಸಿ, 2.27 ಬರುತ್ತೆ. ಇಲ್ಲೊಂದು ಹಳ್ಳ ಇದೆ, ನಮ್ಮಂಥ ಕ್ರಿಕೆಟ್ ಮಂದಿ ತಪ್ಪದೆ ಬೀಳೋದು. 249.2 ಅಂತ ಬರೆದಿದ್ದರೆ ಅದು ದಶಮಾಂಶ ಅಲ್ಲ. ನಮ್ಮ ಓವರ್ ಲೆಕ್ಕದ ಥರಾನೇ, ಆದರೆ ಇಲ್ಲಿ ಆರು ಎಸೆತ ಅಲ್ಲ, ಮೂರು ಔಟ್. .1 ಅಂದರೆ ಒಂದು ಔಟ್, .2 ಅಂದರೆ ಎರಡು. .3 ಅಂತ ಇರೋದೇ ಇಲ್ಲ.

ಇಆರ್‌ಎಯನ್ನೂ ದೇವರ ವಾಕ್ಯ ಅಂತ ನಂಬಬೇಡಿ. 2014ರಲ್ಲಿ ಫೆಲಿಕ್ಸ್ ಟೊರೊಂಟೊದಲ್ಲಿ ಒಂದೇ ಮ್ಯಾಚಿಗೆ 8 ರನ್ ಕೊಟ್ಟು ಕೆಟ್ಟದಾಗಿ ಏಟು ತಿಂದ. ಒಂದೆರಡು ದಿನ ಬಿಟ್ಟು ಲೀಗ್‌ನವರು ಅದರಲ್ಲಿ ಹಿಟ್ ಅಂತ ಬರೆದಿದ್ದ ಒಂದನ್ನು ಎರರ್ ಅಂತ ತಿದ್ದಿದರು. 4 ರನ್ ಲೆಕ್ಕದಿಂದ ಹೊರಗೆ ಹೋದವು. ಎಸೆತ ಅದೇ, ಮ್ಯಾಚ್ ಅದೇ, ಪೆನ್ನಿನ ಒಂದು ಗೀಟಿನಿಂದ ಅಂಕಿ ಬದಲಾಯ್ತು. ಆ ವರ್ಷ ಕೊನೆಗೆ 2.14ರಲ್ಲಿ ಮುಗಿಸಿದ. ಆ ವರ್ಷದ ಅವನ ಎಸೆತ ನೋಡಲೇಬೇಕಾದ್ದು. ಸಾಲಾಗಿ 16 ಮ್ಯಾಚ್, ಪ್ರತಿಯೊಂದರಲ್ಲೂ ಕನಿಷ್ಠ 7 ಇನ್ನಿಂಗ್ಸ್, 2ಕ್ಕಿಂತ ಜಾಸ್ತಿ ರನ್ ಇಲ್ಲ. ಅದು ದಾಖಲೆ. ಆಗ ನಾನು ರಜೆ ಹಾಕುತ್ತಿದ್ದೆ, ಹಳದಿ ಟೀ ಶರ್ಟ್ ಹಾಕಿಕೊಂಡು ಸ್ಟೇಡಿಯಂನಲ್ಲಿ 'ಕಿಂಗ್' ಫೆಲಿಕ್ಸ್‌ನ ಅಭಿಮಾನಿಗಳು ಕೂರುವ 'ಕಿಂಗ್ಸ್ ಕೋರ್ಟ್'ನಲ್ಲಿ ಕೂತು ಕೆ ಅಕ್ಷರದ ಹಲಗೆ ಎತ್ತುತ್ತಿದ್ದೆ. ಬೇಸ್‌ಬಾಲ್‌ನಲ್ಲಿ ಕೆ ಅಂದರೆ ಸ್ಟ್ರೈಕ್‌ಔಟ್.

ಇನ್ನು ನೀವು ಬರೆದಿರೋ 3.42. ಅದು ಟೇಬಲ್‌ನ ತೀರಾ ಕೆಳಗಿನ ಸಾಲು, 15 ವರ್ಷದ ಒಟ್ಟು. ಕೆಳಗಿನ ಸಾಲು ಸಾಂಬಾರಿಗೆ ನೀರು ಬೆರೆಸಿದ ಹಾಗೆ, ಮೊದಲಿದ್ದ ರುಚಿ ಗೊತ್ತಾಗಲ್ಲ. 2005ರಲ್ಲಿ 19 ವರ್ಷದ ಹುಡುಗನಾಗಿ ವೆನೆಜುವೆಲಾದಿಂದ ಬಂದು ಆಡಲು ಶುರು ಮಾಡಿದವನು. 2015ರ ಕೊನೆಗೆ ಅವನ ಒಟ್ಟು 143–101, ಇಆರ್‌ಎ 3.11. ಆಮೇಲಿನ ನಾಲ್ಕು ವರ್ಷ 3.82, 4.36, 5.55, 6.40. ಮೆಟ್ಟಿಲು ಇಳಿದ ಹಾಗೆ. ಶುರುವಿನಲ್ಲಿ ಗಂಟೆಗೆ 95 ಮೈಲಿ ಆಸುಪಾಸು ಇದ್ದ ಅವನ ಫಾಸ್ಟ್‌ಬಾಲ್ ಕೊನೆಗೆ 90ರ ಹತ್ತಿರಕ್ಕೆ ಬಂದಿತ್ತು. ಮೂವತ್ತು ತುಂಬುವ ಮೊದಲೇ ಎರಡು ಸಾವಿರಕ್ಕಿಂತ ಜಾಸ್ತಿ ಇನ್ನಿಂಗ್ಸ್ ಎಸೆದ ಭುಜ ಅದು. ಮೇಲಿಂದ ಕೆಳಗೆ ಒಂದೊಂದೇ ಸಾಲು ಓದಿದರೆ ಇಬ್ಬರು ಬೇರೆ ಬೇರೆ ಪಿಚರ್‌ಗಳು ಕಾಣ್ತಾರೆ. ಕೆಳಗಿನ ಸಾಲಿನಲ್ಲಿ ಇಬ್ಬರೂ ಕಾಣಲ್ಲ.

ಹಾಗಂತ ಒಂದು ಪರ್ಫೆಕ್ಟ್ ಗೇಮ್ ಇದ್ದರೆ ಸಾಕು, ದೊಡ್ಡ ಪಿಚರ್ ಅಂದುಕೊಳ್ಳಬೇಡಿ. ಅದೇ 2012ರ ಏಪ್ರಿಲ್‌ನಲ್ಲಿ, ಅದೇ ಸ್ಟೇಡಿಯಂನಲ್ಲಿ, ಚಿಕಾಗೋದ ಫಿಲಿಪ್ ಹಂಬರ್ ಅನ್ನೋನು ನಮ್ಮ ಮ್ಯಾರಿನರ್ಸ್ ವಿರುದ್ಧವೇ ಪರ್ಫೆಕ್ಟ್ ಗೇಮ್ ಎಸೆದ. ಅವನ ಕೆರಿಯರ್ ಇಆರ್‌ಎ 5.31.

ಹಾಲ್ ಆಫ್ ಫೇಮ್‌ಗೆ ಹೋಗ್ತಾನಾ ಅಂತ ಕೂಡ ಕೇಳಿದ್ದೀರಿ. 2025ರಲ್ಲಿ, ಅವನ ಹೆಸರು ಮೊದಲ ಸಲ ಬಂದಾಗ, ಶೇ. 20.6 ಮತ ಬಿತ್ತು. ಬೇಕಿರೋದು ಶೇ. 75. ಅದೇ ವರ್ಷ ಒಳಗೆ ಹೋದವರಲ್ಲಿ ಸಬಾತಿಯಾ ಒಬ್ಬ, 251 ಗೆಲುವು, 3.74 ಇಆರ್‌ಎ ಹಿಡಿದುಕೊಂಡು. ಸಬಾತಿಯಾ ಅರ್ಹನೇ, ಅದರಲ್ಲಿ ತಕರಾರಿಲ್ಲ, ಅವನೂ ಹತ್ತೊಂಬತ್ತು ವರ್ಷ ದುಡಿದವನು. ಆದರೆ ಪೋಸ್ಟ್‌ಸೀಸನ್‌ನಲ್ಲಿ (ಸೀಸನ್ ಮುಗಿದ ಮೇಲೆ ಮುಂದಿರುವ ತಂಡಗಳಷ್ಟೇ ಆಡೋ ಸುತ್ತು) ಒಂದೇ ಒಂದು ಎಸೆತ ಹಾಕುವ ಅವಕಾಶವೂ ಫೆಲಿಕ್ಸ್‌ಗೆ ಸಿಗಲಿಲ್ಲ. 15 ವರ್ಷ ಇದ್ದ ತಂಡ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಅದು ಅವನ ಸಾಲಿನಲ್ಲಿ ಖಾಲಿ ಜಾಗವಾಗಿ ಉಳಿದಿದೆ, ಮತ ಹಾಕುವವರು ಆ ಖಾಲಿ ಜಾಗವನ್ನು ಅವನ ತಪ್ಪು ಅಂತ ಓದ್ತಾರೆ ಅನ್ನೋದು ನನ್ನ ಸಿಟ್ಟು. ನಾನು ಎಕ್ಸೆಲ್‌ನಲ್ಲಿ ಮಾಡಿದ್ದನ್ನೇ ಅವರು ದೊಡ್ಡ ಮಟ್ಟದಲ್ಲಿ ಮಾಡ್ತಿದ್ದಾರೆ.

2019 ಸೆಪ್ಟೆಂಬರ್ 26ಕ್ಕೆ ಸಿಯಾಟಲ್‌ನಲ್ಲಿ ಅವನ ಕೊನೆಯ ಮ್ಯಾಚ್. ಈ ಸಲ ರಜೆಯನ್ನು ಮೊದಲೇ ಹಾಕಿದ್ದೆ, ಮಗಳನ್ನೂ ಕರೆದುಕೊಂಡು ಹೋದೆ. ಓಕ್‌ಲ್ಯಾಂಡ್ 3–1ರಲ್ಲಿ ಗೆದ್ದಿತು. ಆ ಸೋಲೂ ಅವನ ಹೆಸರಿಗೇ ಬಿತ್ತು, 136ರಲ್ಲಿ ಕೊನೆಯದು ಅದೇ. ಸ್ಟೇಡಿಯಂ ತುಂಬ ಹಳದಿ ಶರ್ಟ್, ಅಳುತ್ತಿದ್ದವರೇ ಜಾಸ್ತಿ. 'ಸೋತರೂ ಯಾಕಪ್ಪಾ ಎಲ್ಲಾ ಎದ್ದು ನಿಂತು ಚಪ್ಪಾಳೆ ಹೊಡೀತಾರೆ?' ಅಂತ ಮಗಳು ಕೇಳಿದಳು. ನನಗೆ ಗಂಟಲು ಕಟ್ಟಿತ್ತು, ಪಾಪ್‌ಕಾರ್ನ್ ಕೊಡಿಸಿದೆ.

ಆ ಅಕೌಂಟ್ಸ್‌ನವರು ಈಗ ಬೇರೆ ಕಂಪನಿಯಲ್ಲಿದ್ದಾರೆ. ಆಗಸ್ಟ್ 15ರ ಟಿಕೆಟ್ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದಾರಂತೆ. ಮಾರ್ತೀರಾ ಅಂತ ಒಂದ್ಸಲ ಮೆಸೇಜ್ ಮಾಡಿ ಕೇಳಿದೆ. ಒಂದು ನಗುವಿನ ಇಮೋಜಿ ಕಳಿಸಿ ಸುಮ್ಮನಾದರು.