ಕೋಳಿ ಗೂಡಿಗೆ ಟಾರ್ಪಾಲಿನ್ ಕಟ್ಟುವ ಮೊದಲು ಇದನ್ನು ಓದಿ

ಇಪ್ಪತ್ತೈದು ನಾಟಿ ಮರಿ, ಮನೆಯ ಹಿತ್ತಲು, ಮಳೆಗಾಲ ಹತ್ತಿರ. ಗೂಡನ್ನು ಒಂದಿಷ್ಟೂ ಗಾಳಿಯಾಡದಂತೆ ಬೆಚ್ಚಗೆ ಮುಚ್ಚುವುದು ಹೇಗೆ, ಮರಿಗಳಿಗೆ ಕಾವು ಕೊಡುವ ಬ್ರೂಡರ್ ಯಾವುದನ್ನು ಕೊಳ್ಳಲಿ, ಲಸಿಕೆ ಇಲ್ಲದೆ ಸಹಜವಾಗಿ ಸಾಕಬಹುದೇ ಎಂದು ಕೇಳಿದ್ದೀರಿ. ‘ಗಾಳಿಯಾಡದಂತೆ’ ಎಂಬ ಪದ ಕಂಡ ಕೂಡಲೇ ಬರೆಯಲು ಕುಳಿತೆ. ಆ ಒಂದು ಪದಕ್ಕೆ ನಾನು ಮೂವತ್ತೊಂದು ಮರಿಗಳನ್ನು ತೆತ್ತಿದ್ದೇನೆ.

ನಮ್ಮದು ಪಾಂಡವಪುರದ ಕಡೆ, ನಾಲೆ ನೀರಿನ ಊರು. ಹಿತ್ತಲು ದಾಟಿದರೆ ಕಬ್ಬಿನ ಗದ್ದೆ. ಹನ್ನೊಂದು ವರ್ಷ ಮೈಸೂರಿನ ಬಾಡಿಗೆ ಮನೆಯಲ್ಲಿದ್ದು ಕೊರೊನಾ ಕಾಲದಲ್ಲಿ ಗಂಡನ ಮನೆಗೆ ಮರಳಿದವಳು ನಾನು. ಅತ್ತೆಗೆ ಕೋಳಿ ಎಂದರೆ ಅಂಗಳದಲ್ಲಿ ಓಡಾಡುವ ನಾಲ್ಕು ಹ್ಯಾಟೆ, ಒಂದು ಹುಂಜ. ನನಗೆ ಅದೊಂದು ದೊಡ್ಡ ಯೋಜನೆ. 2022ರ ಸೆಪ್ಟೆಂಬರಿನಲ್ಲಿ ಒಂದು ದಿನದ ನಲವತ್ತೆಂಟು ಮರಿ ತಂದಿಳಿಸಿದೆ. “ಇಷ್ಟೊಂದು ತಬ್ಬಲಿಗಳನ್ನು ಯಾಕೆ ತಂದೆಯಮ್ಮಾ?” ಎಂದು ಅತ್ತೆ ಕೇಳಿದರು. ತಾಯಿಯಿಲ್ಲದ ಮರಿಗೆ ಅವರ ಬಾಯಲ್ಲಿ ಬೇರೆ ಹೆಸರಿಲ್ಲ.

ಮೊದಲ ಮೂರು ವಾರ ಪರವಾಗಿಲ್ಲ ಎನ್ನುವಂತೆ ಕಳೆಯಿತು. ಬಂದ ದಿನ ಬೆಲ್ಲದ ನೀರು, ಭತ್ತದ ಹೊಟ್ಟಿನ ಮೇಲೆ ದಿನಪತ್ರಿಕೆ, ಸುತ್ತ ದುಂಡಗೆ ರಟ್ಟಿನ ತಡೆ. ಚೌಕ ಪೆಟ್ಟಿಗೆಯಾದರೆ ಮರಿಗಳು ಹೆದರಿದಾಗ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ, ಅದಕ್ಕೆ ದುಂಡಗೆ. ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು ಎನ್ನುವುದನ್ನೂ ಪಾಲಿಸಿದೆ. ಒಂದು ರಾತ್ರಿ ಬಲ್ಬು ಸುಟ್ಟುಹೋದಾಗ ಮನೆಯವರು ಎಲ್‌ಇಡಿ ಬಲ್ಬು ಸಿಕ್ಕಿಸಿ ಬಂದರು. ಅದರಲ್ಲಿ ಬೆಳಕಿದೆ, ಕಾವಿಲ್ಲ. ಬೆಳಿಗ್ಗೆ ಮೂರು ಮರಿ ಗುಂಪಿನ ಅಡಿಯಲ್ಲಿ ಚಪ್ಪಟೆಯಾಗಿದ್ದವು. ಅದಕ್ಕೂ ಮೊದಲೇ ಎರಡು ಹೋಗಿದ್ದವು. ಉಳಿದದ್ದು ನಲವತ್ತಮೂರು.

ಆ ವರ್ಷದ ಅಕ್ಟೋಬರ್ ಮಳೆ ನಿಮಗೂ ನೆನಪಿರಬೇಕು. ಚಿತ್ತೆ ಮಳೆ ಹಗಲು ರಾತ್ರಿ ಎನ್ನದೆ ಹೊಡೆಯುತ್ತಿತ್ತು. ಮರಿಗಳಿಗೆ ಆಗ ಐದು ವಾರ, ಮೈತುಂಬ ಪುಕ್ಕ ಬಂದಿತ್ತು. ಇದು ಮುಖ್ಯ: ಪುಕ್ಕ ಬಂದ ಮರಿಗೆ ನಮ್ಮ ಮಂಡ್ಯದ ಅಕ್ಟೋಬರ್ ಚಳಿ ಒಂದು ಚಳಿಯೇ ಅಲ್ಲ. ಇದು ನನಗೆ ಗೊತ್ತಿರಲಿಲ್ಲ. ಗೂಡಿನ ಮೂರು ಕಡೆ ಜಾಲರಿ, ಮೇಲೆ ತಗಡು. ಇರಿಚಲು ಒಳಗೆ ಬೀಳುತ್ತದೆ ಎಂದು ನೀಲಿ ಟಾರ್ಪಾಲಿನ್ ತಂದು ತಗಡಿನ ಅಂಚಿನಿಂದ ನೆಲದವರೆಗೆ ಸುತ್ತ ಇಳಿಬಿಟ್ಟೆ. ಕೆಳಗೆ ಇಟ್ಟಿಗೆ ಹೇರಿದೆ. ಮೇಲಿನ ಸಂದಿಗೆ ಗೋಣಿಚೀಲ ತುರುಕಿದೆ. ಒಳಗೆ ಕೈಯಿಟ್ಟು ನೋಡಿದರೆ ಬೆಚ್ಚಗಿತ್ತು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಹೋಗಿ ಮಲಗಿದೆ.

ಆ ಬೆಚ್ಚನೆಯದೇ ವಿಷ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕೋಳಿಗೆ ಬೆವರಿಲ್ಲ, ಮೈಯ ತೇವ ಬಹಳಷ್ಟು ಉಸಿರಿನಲ್ಲಿ ಹೊರಬರುತ್ತದೆ. ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ನಲವತ್ತಮೂರು ಮರಿಗಳ ಉಸಿರು ಮತ್ತು ಹಿಕ್ಕೆಯ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಮೇಲೇರಿ ತಣ್ಣನೆಯ ತಗಡಿಗೆ ಅಂಟಿ, ಹನಿಯಾಗಿ ಮತ್ತೆ ಹೊಟ್ಟಿನ ಮೇಲೆಯೇ ಬೀಳುತ್ತದೆ. ಹೊರಗಿನ ಮಳೆಯನ್ನು ತಡೆದ ನಾನು ಗೂಡಿನೊಳಗೇ ಒಂದು ಮಳೆ ತರಿಸಿದ್ದೆ. ಒದ್ದೆ ಹೊಟ್ಟಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ನಿಂತ ಮನುಷ್ಯನ ಮೂಗಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಅದು ಹುಟ್ಟುವುದೇ ನೆಲದಲ್ಲಿ, ಮರಿಯ ಮೂಗು ಇರುವುದು ನೆಲದಿಂದ ಗೇಣುದ್ದ ಮೇಲೆ. ಕಣ್ಣು ಉರಿಯುತ್ತದೆ, ಗಂಟಲಿನ ಒಳಪೊರೆ ಕೆಡುತ್ತದೆ, ಆಮೇಲೆ ಯಾವ ಸೋಂಕು ಬಂದರೂ ಒಳಗೆ ನುಗ್ಗಲು ಬಾಗಿಲು ತೆರೆದಂತೆ. ಇದರ ಜೊತೆಗೆ ರಕ್ತಭೇದಿ. ಅದರ ರೋಗಾಣು ಹಿಕ್ಕೆಯಲ್ಲಿ ಹೊರಬಿದ್ದ ಮೇಲೆ ಬಲಿಯಲು ತೇವವೂ ಬೆಚ್ಚನೆಯೂ ಬೇಕು. ಎರಡನ್ನೂ ನಾನೇ ಒದಗಿಸಿದ್ದೆ.

ಮೂರನೆಯ ದಿನ ಮರಿಗಳ ಕಣ್ಣಲ್ಲಿ ನೀರು. ನಾಲ್ಕನೆಯ ದಿನ ಗೊರಗೊರ ಉಸಿರು, ಹಿಕ್ಕೆಯಲ್ಲಿ ರಕ್ತ. ನಾನು ಮಾಡಿದ್ದೇನು ಗೊತ್ತೇ? ಚಳಿ ಹಿಡಿದಿದೆ ಎಂದುಕೊಂಡು ಇನ್ನೊಂದು ಬಲ್ಬು ಹಾಕಿ, ಉಳಿದಿದ್ದ ಸಂದಿಗೂ ಬಟ್ಟೆ ತುರುಕಿದೆ! ಐದನೆಯ ದಿನ ಎಂಟು ಸತ್ತವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದಿರಬೇಕೆಂದು ಪಶುವೈದ್ಯರನ್ನು ಕರೆಸಿದೆ. ಅವರು ಟಾರ್ಪಾಲಿನ್ ಎತ್ತಿದವರೇ ಎರಡು ಹೆಜ್ಜೆ ಹಿಂದೆ ಸರಿದು, “ಇದರೊಳಗೆ ಐದು ನಿಮಿಷ ಬಗ್ಗಿ ಕುಳಿತುಕೊಳ್ಳಿ, ರೋಗ ಯಾವುದೆಂದು ನಿಮಗೇ ಗೊತ್ತಾಗುತ್ತದೆ” ಎಂದರು. ನಾನು ಕುಳಿತೆ. ಒಂದು ನಿಮಿಷಕ್ಕೆ ಕಣ್ಣು ಬಿಡಲಾಗಲಿಲ್ಲ. ಔಷಧಿ ಕೊಟ್ಟರು, ಹೊಟ್ಟು ಬದಲಾಯಿಸಿದೆವು, ಆದರೂ ಹತ್ತು ದಿನ ಮುಗಿಯುವಾಗ ಉಳಿದದ್ದು ಹನ್ನೆರಡು. ಸತ್ತವನ್ನು ಹೂಳಲು ಮನೆಯವರು ಒದ್ದೆ ಗದ್ದೆಯ ಬದುವಿನಲ್ಲಿ ಗುಂಡಿ ತೆಗೆಯುತ್ತಿದ್ದರೆ ನಾನು ಕೊಡೆ ಹಿಡಿದು ನಿಂತಿರುತ್ತಿದ್ದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅದೇ ಮಳೆಯಲ್ಲಿ ಅವರ ನಾಲ್ಕು ಹ್ಯಾಟೆಗಳು ಸೀಬೆ ಮರದ ಪಕ್ಕದ ಹಳೆಯ ಕೊಟ್ಟಿಗೆಯಲ್ಲಿ, ಒಂದು ಕಡೆ ಪೂರ್ತಿ ತೆರೆದಿದ್ದರೂ, ಗಳದ ಮೇಲೆ ಪುಕ್ಕ ಉಬ್ಬಿಸಿ ಕುಳಿತು ಒಂದು ಸೀನೂ ಸೀನದೆ ಕಾಲ ಕಳೆದವು.

ಹಾಗಾಗಿ ಗೂಡನ್ನು ಬೆಚ್ಚಗೆ ಮುಚ್ಚುವುದು ಹೇಗೆಂದು ನಾನು ಹೇಳುವುದಿಲ್ಲ. ಒಣಗಿರುವಂತೆ ಕಟ್ಟುವುದನ್ನು ಹೇಳುತ್ತೇನೆ. ನೆಲವನ್ನು ಹಿತ್ತಲಿಗಿಂತ ಒಂದು ಅಡಿ ಎತ್ತರಿಸಿ. ಒಂದೂವರೆ ಅಡಿಯ ಮೋಟುಗೋಡೆ, ಅದರ ಮೇಲೆ ಸೂರಿನವರೆಗೂ ಜಾಲರಿ. ಹೆಗ್ಗಣ ಮತ್ತು ಮುಂಗುಸಿ ನುಸುಳದಂತೆ ಸಣ್ಣ ಕಣ್ಣಿನ ಜಾಲರಿಯನ್ನೇ ಕೊಳ್ಳಿ, ಅಲ್ಲಿ ಜಿಪುಣತನ ಬೇಡ. ಸೂರು ಗೋಡೆಯಿಂದ ಮೂರು ಅಡಿ ಮುಂದೆ ಚಾಚಿದರೆ ಇರಿಚಲಿನ ಅರ್ಧ ಚಿಂತೆ ಮುಗಿಯಿತು. ಗೋಣಿಯ ಪರದೆ ಬೇಕೇ ಬೇಕೆಂದರೆ ಕೆಳಗೆ ಬಿಗಿದು ಮೇಲಕ್ಕೆ ಎಳೆಯುವಂತೆ ಕಟ್ಟಿ. ಎಂಥ ಬಿರುಮಳೆಯಲ್ಲೂ ಮೇಲೆ ಒಂದು ಅಡಿ ತೆರೆದೇ ಇರಲಿ. ಕೋಳಿಯ ಮೈಗೆ ಗಾಳಿ ಬಡಿಯಬಾರದು, ತಲೆಯ ಮೇಲೆ ಗಾಳಿ ಹಾಯುತ್ತಿರಬೇಕು. ನಾನು ಇದನ್ನು ತಲೆಕೆಳಗು ಮಾಡಿದ್ದೆ. ಬೆಳಿಗ್ಗೆ ಒಂದು ಹಿಡಿ ಹೊಟ್ಟು ಹಿಸುಕಿ ನೋಡಿ. ಉಂಡೆಯಾಗಿ ನಿಂತರೆ ಅಂದೇ ತೆಗೆದು ಹಾಕಿ.

ಇನ್ನು ಬ್ರೂಡರ್. ನಿಮ್ಮ ಲೆಕ್ಕಕ್ಕೆ ಅದು ದಂಡ. ಇಪ್ಪತ್ತೈದು ಮರಿಗೆ ಕಾವಿಗೆ ಕುಳಿತ ಮೂರು ಹ್ಯಾಟೆ ಸಾಕು, ಕರೆಂಟು ಹೋದರೂ ಅವುಗಳ ಕಾವು ಆರುವುದಿಲ್ಲ. ಮಂಕರಿಯಲ್ಲಿ ಒಣಹುಲ್ಲು ಹಾಸಿ, ಕೆಳಗೆ ಬೂದಿ ಮತ್ತು ಒಣಗಿದ ಬೇವಿನ ಸೊಪ್ಪು ಹಾಕಿದರೆ ಹೇನಿನ ಕಾಟ ಕಡಿಮೆ. ಹ್ಯಾಟೆಯ ಮೈ ಮುಚ್ಚುವಷ್ಟು, ಹತ್ತು ಹನ್ನೆರಡು ಮೊಟ್ಟೆ, ಒಂದೇ ದಿನ ಇಡಿ. ಅತ್ತೆ ಗುಡುಗಿಗೆಂದು ಒಂದು ಕಬ್ಬಿಣದ ಮೊಳೆಯನ್ನೂ ಇಡುತ್ತಾರೆ. ನಾನು ವಾದಿಸುವುದನ್ನು ಬಿಟ್ಟಿದ್ದೇನೆ. ಏಳೆಂಟನೆಯ ದಿನ ಕತ್ತಲೆಯಲ್ಲಿ ಟಾರ್ಚಿಗೆ ಹಿಡಿದರೆ ಮರಿ ಕಟ್ಟಿದ ಮೊಟ್ಟೆಯಲ್ಲಿ ಜೇಡದಂತೆ ನರಗಳು ಕಾಣುತ್ತವೆ, ಉಳಿದವನ್ನು ತೆಗೆದುಬಿಡಿ. ಇಪ್ಪತ್ತೊಂದನೆಯ ದಿನ ಒಡೆಯುತ್ತವೆ. ಮೊದಲ ವಾರ ತಾಯಿಯನ್ನೂ ಮರಿಗಳನ್ನೂ ಪಂಜರ ಕವುಚಿ ಹಾಕಿ ಸಾಕಿ, ಆಮೇಲೆ ಹದ್ದು ಬಂದರೆ ಅವಳೇ ಕೂಗಿ ರೆಕ್ಕೆಯಡಿಗೆ ಕರೆಯುತ್ತಾಳೆ. ಯಾವ ಬಲ್ಬು ಹಾಗೆ ಕರೆಯುತ್ತದೆ ಹೇಳಿ? ಗಿರಿರಾಜ ಎಂಬ ಸುಧಾರಿತ ತಳಿ ಮೊಟ್ಟೆ ಹೆಚ್ಚು ಕೊಡುತ್ತದೆ, ನಿಜ. ಆದರೆ ಅದನ್ನು ಕಾವಿಗೆ ನಂಬಬೇಡಿ, ಅದರ ಮೊಟ್ಟೆಯನ್ನೂ ನಾಟಿ ಹ್ಯಾಟೆಯ ಕೆಳಗೇ ಇಡಬೇಕು.

ನೀವು ಕೇಳದೆ ಬಿಟ್ಟದ್ದು ಬೇಸಿಗೆ. ನಮ್ಮ ಕಡೆ ಬೆಳೆದ ಕೋಳಿಯನ್ನು ಕೊಲ್ಲುವುದು ಏಪ್ರಿಲ್. ಬೆವರಿಲ್ಲದ ಜೀವಕ್ಕೆ ಬಾಯಿ ತೆರೆದು ತೇಕುವುದೇ ಮುಖ್ಯ ದಾರಿ. ಗೂಡನ್ನು ಪೂರ್ವ-ಪಶ್ಚಿಮ ಉದ್ದಕ್ಕೆ ಕಟ್ಟಿ, ಬಿಸಿಲು ಒಳಗೆ ನುಗ್ಗುವುದಿಲ್ಲ. ತಗಡಿನ ಮೇಲೆ ತೆಂಗಿನ ಗರಿ ಅಥವಾ ಕಬ್ಬಿನ ತರಗು ಹೊದಿಸಿ. ನೀರು ಮಣ್ಣಿನ ಬಟ್ಟಲಿನಲ್ಲಿ, ನೆರಳಿನಲ್ಲಿ, ದಿನಕ್ಕೆ ಎರಡು ಮೂರು ಸಲ ಬದಲಾಗಲಿ. ತಿಂದದ್ದು ಅರಗುವಾಗ ಮೈ ಇನ್ನಷ್ಟು ಕಾಯುತ್ತದೆ, ಆದ್ದರಿಂದ ಕಾಳು ಹಾಕುವುದು ಬೆಳಿಗ್ಗೆ ಬೇಗ ಮತ್ತು ಸಂಜೆ ಮಾತ್ರ.

ಲಸಿಕೆಯ ವಿಷಯದಲ್ಲಿ ಮಾತ್ರ ನಿಮ್ಮ ‘ಸಹಜ’ ನನಗೆ ಒಪ್ಪಿಗೆಯಿಲ್ಲ. ಕೊಕ್ಕರೆ ರೋಗ ಊರಿಗೆ ಕಾಲಿಟ್ಟರೆ ಅರಿಶಿನ, ಬೆಳ್ಳುಳ್ಳಿ ಯಾವುದೂ ಕೇಳುವುದಿಲ್ಲ. ಮರಿ ಹುಟ್ಟಿದ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಒಂದು ಹನಿ, ಆಮೇಲಿನ ಸುತ್ತುಗಳನ್ನು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹ್ಯಾಟೆಯನ್ನು ಸಂತೆಯಲ್ಲಿ ಕೊಳ್ಳಬೇಡಿ, ಹತ್ತು ಊರಿನ ರೋಗ ಅಲ್ಲಿರುತ್ತದೆ. ಅಕ್ಕಪಕ್ಕದಲ್ಲಿ ವಿಚಾರಿಸಿ, ಈಗಾಗಲೇ ಎರಡು ಸಲ ಮರಿ ಮಾಡಿದ್ದನ್ನೇ ಕೇಳಿ ತನ್ನಿ. ಬುಟ್ಟಿಗೆ ಕೈ ಹಾಕಿದಾಗ ಪುಕ್ಕ ಕೆದರಿ ಕೊರ್ರೆಂದು ಕುಕ್ಕಲು ಬರುತ್ತದಲ್ಲ, ಅದು. ನನ್ನ ಮುಂಗೈ ಮೇಲೆ ಅಂಥದೊಂದರ ಗುರುತು ಇನ್ನೂ ಇದೆ.