ಆಡುಸೋಗೆ ಲೇಖನ: ಇಷ್ಟು ತಿದ್ದಿ ಕಳಿಸಿ

ನಮಸ್ಕಾರ.

ಕೆಮ್ಮಿಗೆ ಆಡುಸೋಗೆ ಎಲೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ.

ಶುರು ತುಂಬಾ ಚೆನ್ನಾಗಿದೆ. ಅಜ್ಜಿ ಬೇಲಿಯಿಂದ ಎಲೆ ಕಿತ್ತು, ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ ಜೇನು ಬೆರೆಸುತ್ತಿದ್ದರು. ನೀವು ಮೂಗು ಹಿಡಿದು ನುಂಗುತ್ತಿದ್ದಿರಿ. ಆ ಕಹಿ ನನ್ನ ನಾಲಿಗೆಗೂ ಬಂತು. ಅಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ತೊಂದರೆ ಎರಡನೇ ಪುಟದಲ್ಲಿದೆ. ಎಲೆಯಲ್ಲಿರುವ ಹನ್ನೊಂದು ರಾಸಾಯನಿಕಗಳ ಹೆಸರನ್ನು ಸುಮ್ನೆ ಸಾಲಾಗಿ ಬರೆದಿದ್ದೀರಿ. ಓದಿದವರಿಗೆ ಏನು ಸಿಕ್ಕಿತು? ಒಂದನ್ನೇ ಹಿಡಿದುಕೊಳ್ಳಿ: ವ್ಯಾಸಿಸಿನ್. ಇದರ ಜಾಡಿನಲ್ಲೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಬಂತು, ಆಮೇಲೆ ಆಂಬ್ರಾಕ್ಸಾಲ್. ಎರಡೂ ಕಫ ತೆಳುವಾಗಿಸುವ ಔಷಧಿಗಳು. ಮನೆಯಲ್ಲಿರುವ ಕೆಮ್ಮಿನ ಸಿರಪ್ಪಿನ ಲೇಬಲ್ ತಿರುಗಿಸಿ ನೋಡಿ, ಇವೆರಡರಲ್ಲಿ ಒಂದು ಇದ್ದರೂ ಇರಬಹುದು. ಬೇಲಿಯ ಗಿಡದಿಂದ ಔಷಧಿ ಅಂಗಡಿಯವರೆಗಿನ ಈ ದಾರಿಯನ್ನು ಬರೆಯಿರಿ. ಆ ಹನ್ನೊಂದು ಹೆಸರಿಗಿಂತ ಇದು ಜಾಸ್ತಿ ಹೇಳುತ್ತದೆ.

ಆಮೇಲೆ ಈ ಸಾಲು: ‘ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮವಿಲ್ಲ, ಗರ್ಭಿಣಿಯರೂ ಧೈರ್ಯವಾಗಿ ಕುಡಿಯಬಹುದು.’ ಓದಿ ಎದೆ ಧಸಕ್ಕೆಂದಿತು. ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕಂಡುಬಂದಿದೆ. ಹೆರಿಗೆ ಬೇಗ ಆಗಲಿ ಅಂತ ಈ ಎಲೆ ಕೊಡುವ ರೂಢಿಯೂ ಕೆಲವು ಕಡೆ ಇತ್ತು. ನಿಮ್ಮ ಮಾತು ನಂಬಿ ಮೂರು ತಿಂಗಳ ಬಸುರಿ ಕಷಾಯ ಕುಡಿದರೆ? ಈ ಸಾಲು ತೆಗೆಯಿರಿ. ಗರ್ಭಿಣಿಯರು ಕುಡಿಯಬಾರದು ಅಂತ ಮೊದಲ ಪುಟದಲ್ಲೇ, ಅಜ್ಜಿಯ ಕಥೆ ಮುಗಿದ ಕೂಡಲೇ ಬರೆಯಿರಿ.

‘ಒಂದು ಹಿಡಿ ಎಲೆ’ ಅಂದಿದ್ದೀರಿ. ಯಾರ ಹಿಡಿ? ಎಲೆ ಎಳೆಯದೋ ಬಲಿತದ್ದೋ, ಯಾವ ಕಾಲದಲ್ಲಿ ಕಿತ್ತದ್ದು ಎಂಬುದರ ಮೇಲೆ ಸತ್ವ ಹೆಚ್ಚುಕಡಿಮೆ ಆಗುತ್ತದೆ. ಅಳತೆಯನ್ನು ಆಯುರ್ವೇದ ವೈದ್ಯರನ್ನು ಕೇಳಿ ಅಂತಲೇ ಹೇಳಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು, ಅದೂ ಬರಲಿ. ‘ಕ್ಷಯಕ್ಕೂ ಇದೇ ಸಾಕು’ ಎಂಬುದು ಬೇಡವೇ ಬೇಡ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು, ಅಲ್ವಾ?

ಇನ್ನೊಂದು. ಶೀರ್ಷಿಕೆಯ ಕೆಳಗೆ ‘ಆಡುಮುಟ್ಟದ ಸೊಪ್ಪು’ ಅಂತಲೂ ಬರೆದಿದ್ದೀರಿ. ಆಡುಮುಟ್ಟದ ಬಳ್ಳಿ ಅಂತ ಬೇರೆಯದೇ ಇದೆ, ಅದರ ಎಲೆ ತಿಂದರೆ ವಾಂತಿಯಾಗುತ್ತದೆ. ಹೆಸರು ಕೇಳಿ ಯಾರಾದರೂ ಅದನ್ನು ಕಿತ್ತಾರು. ನೀವು ಕಳಿಸಿದ ಫೋಟೊದಲ್ಲಿ ಬರೀ ಎಲೆ ಇದೆ. ಬಿಳಿ ಹೂವು, ಅದರೊಳಗಿನ ನೇರಳೆ ಗೆರೆ ಕಾಣುವಂಥದ್ದು ಒಂದು ಕಳಿಸಿ.